ಎರಡನೇ ಸ್ಥಾನದ ಕ್ಯಾಪ್ಟನ್: ಅದ್ನಾನ್ ಅಲ್ ತಲ್ಯಾನಿ ಅವರ 161 ಪಂದ್ಯಗಳ ಲೆಕ್ಕ

ಆಡಿಯೋ ಕೇಳೋಕೆ ಪುರುಸೊತ್ತಿಲ್ಲ, ಬಸ್ಸಲ್ಲಿ ಓದ್ಕೊಂಡು ಹೋಗ್ತೀನಿ ಅನ್ನೋರಿಗೆ ಈ ವಾರದ ಎಪಿಸೋಡ್‌ನ ಪಠ್ಯ ಇಲ್ಲಿದೆ. ಮಾತಾಡಿದ ಹಾಗೇ ಇಟ್ಟಿದ್ದೀನಿ, ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀನಿ ಅಷ್ಟೇ.

ಶಾರ್ಜಾ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ನಮ್ಮ ಅಪ್ಪಂದಿರ ವಯಸ್ಸಿನವರನ್ನ ಕೇಳಿದ್ರೆ ಎರಡೇ ಉತ್ತರ ಬರೋದು. ಒಂದು, 1986ರಲ್ಲಿ ಚೇತನ್ ಶರ್ಮಾ ಹಾಕಿದ ಕೊನೆಯ ಎಸೆತಕ್ಕೆ ಮಿಯಾಂದಾದ್ ಹೊಡೆದ ಸಿಕ್ಸರ್. ಇನ್ನೊಂದು, 1998ರಲ್ಲಿ ಮರಳು ಬಿರುಗಾಳಿಯ ನಡುವೆ ಸಚಿನ್ ಆಡಿದ ಇನಿಂಗ್ಸ್. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಾದ್ರೆ ಇನ್ನೂ ಒಂದು ನೆನಪು ಸೇರುತ್ತೆ: ಕೆಲಸಕ್ಕೆ ಅಂತ ಗಲ್ಫಿಗೆ ಹೋದ ಮಾವನೋ, ಚಿಕ್ಕಪ್ಪನೋ, ಪಕ್ಕದ ಮನೆಯವರೋ.

ಆದ್ರೆ ಅದೇ ಊರಲ್ಲಿ, ಅದೇ ವರ್ಷಗಳಲ್ಲಿ ಇನ್ನೊಂದು ಆಟ ನಡೀತಿತ್ತು. ಶಾರ್ಜಾದವರಿಗೆ ಅದೇ ಸ್ವಂತದ ಆಟ. ಫುಟ್‌ಬಾಲ್. ಆ ಆಟದಲ್ಲಿ ಒಬ್ಬ ಫಾರ್ವರ್ಡ್ ಇದ್ದರು, ಅದ್ನಾನ್ ಅಲ್ ತಲ್ಯಾನಿ. ಯುಎಇ ರಾಷ್ಟ್ರೀಯ ತಂಡದ ಪರ 161 ಪಂದ್ಯ, 52 ಗೋಲು. ತಂಡದ ನಾಯಕರೂ ಆಗಿದ್ದರು. ಯುಎಇಯ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಯಾರು ಅನ್ನೋ ಚರ್ಚೆ ಬಂದಾಗೆಲ್ಲ ಮೊದಲ ಸಾಲಲ್ಲೇ ಅವರ ಹೆಸರು ಇರುತ್ತೆ.

ಈಗ ವಿಚಿತ್ರ ಕೇಳಿ. ಇಷ್ಟು ದೊಡ್ಡ ಆಟಗಾರ ತಮ್ಮ ದೇಶದ ಲೀಗನ್ನ ಒಂದೇ ಒಂದು ಸಲವೂ ಗೆದ್ದಿಲ್ಲ. ಗಲ್ಫ್ ಕಪ್ ಗೆದ್ದಿಲ್ಲ. ಏಷ್ಯನ್ ಕಪ್ ಗೆದ್ದಿಲ್ಲ. ನಾನು ಬಿ.ಕಾಂ ಓದಿದವನು, ಯಾವುದನ್ನ ನೋಡಿದ್ರೂ ಮೊದಲು ಜಮಾ–ಖರ್ಚು ಬರೆದು ನೋಡೋ ಚಟ. ಈ ಮನುಷ್ಯನ ಜಮಾ ಪುಟದಲ್ಲಿ ಕಪ್‌ಗಳೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಹಾಗಿದ್ರೂ ಇಡೀ ದೇಶ ಅವರನ್ನ ಯಾಕೆ ಮರೆತಿಲ್ಲ? ಇವತ್ತಿನ ಎಪಿಸೋಡ್ ಪೂರ್ತಿ ಈ ಪ್ರಶ್ನೆ ಬಗ್ಗೆ.

ದೇಶಕ್ಕಿಂತ ಹಿರಿಯರು

ತಲ್ಯಾನಿ ಹುಟ್ಟಿದ್ದು 1964ರ ಅಕ್ಟೋಬರ್‌ನಲ್ಲಿ. ಯುಎಇ ಅನ್ನೋ ದೇಶ ಹುಟ್ಟಿದ್ದು 1971ರ ಡಿಸೆಂಬರ್ 2ಕ್ಕೆ. ಅಂದ್ರೆ ಅವರು ತಮ್ಮ ದೇಶಕ್ಕಿಂತ ಏಳು ವರ್ಷ ದೊಡ್ಡವರು. ಅಲ್ಲಿವರೆಗೆ ಅಬುಧಾಬಿ, ದುಬೈ, ಶಾರ್ಜಾ ಎಲ್ಲ ಬ್ರಿಟಿಷರ ರಕ್ಷಣೆಯಲ್ಲಿದ್ದ ಬೇರೆ ಬೇರೆ ಸಂಸ್ಥಾನಗಳು. ಒಂದು ಬಾವುಟ, ಒಂದು ಪಾಸ್‌ಪೋರ್ಟ್, ಒಂದು ಟೀಮು, ಎಲ್ಲ ಆಮೇಲೆ ಬಂದಿದ್ದು. ರಾಷ್ಟ್ರೀಯ ಫುಟ್‌ಬಾಲ್ ತಂಡ ಮೊದಲ ಪಂದ್ಯ ಆಡಿದ್ದು 1972ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಕತಾರ್ ವಿರುದ್ಧ. 1-0ಯಿಂದ ಗೆದ್ದರು.

ಅಂಥ ಎಳೆ ದೇಶದಲ್ಲಿ ಫುಟ್‌ಬಾಲ್ ತಂಡಕ್ಕೆ ಒಂದು ಹೆಚ್ಚುವರಿ ಕೆಲಸ ಇರುತ್ತೆ. ಏಳು ಸಂಸ್ಥಾನದ ಜನ ಒಂದೇ ಟೀವಿ ಮುಂದೆ ಕೂತು "ನಮ್ಮ ಟೀಮು" ಅನ್ನಬೇಕು. ಆ ಮಾತು ರೂಢಿಯಾಗೋ ಕಾಲದಲ್ಲೇ, 1983ರಲ್ಲಿ, ತಲ್ಯಾನಿ ರಾಷ್ಟ್ರೀಯ ತಂಡಕ್ಕೆ ಬಂದರು. 1997ರವರೆಗೆ ಆಡಿದರು.

ಅವರ ಕ್ಲಬ್ಬು ಶಾರ್ಜಾದ ಅಲ್ ಶಾಬ್. ಅರಬ್ಬಿಯಲ್ಲಿ ಶಾಬ್ ಅಂದ್ರೆ ಜನ, ಜನತೆ. ಲೀಗ್ ಪ್ರಶಸ್ತಿ ಈ ಕ್ಲಬ್ಬಿಗೆ ಯಾವತ್ತೂ ಸಿಗಲಿಲ್ಲ. ತಲ್ಯಾನಿ ಮಾತ್ರ ಇಡೀ ಆಟದ ಜೀವನ ಅಲ್ಲೇ ಕಳೆದರು.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. ಇವತ್ತು ಗಲ್ಫ್ ಫುಟ್‌ಬಾಲ್ ಅಂದ್ರೆ ಕೋಟಿಗಟ್ಟಲೆ ದುಡ್ಡು. ಆದ್ರೆ ಯುಎಇಯಲ್ಲಿ ವೃತ್ತಿಪರ ಲೀಗ್ ಶುರುವಾಗಿದ್ದೇ 2008ರಲ್ಲಿ. ತಲ್ಯಾನಿ ಕಾಲದವರೆಲ್ಲ ಹವ್ಯಾಸಿ ಆಟಗಾರರು.

ತೈಫ್, 1985: ಒಂದು ನಿಮಿಷ ಬಾಕಿ

1986ರ ಮೆಕ್ಸಿಕೋ ವಿಶ್ವಕಪ್‌ಗೆ ಅರ್ಹತಾ ಸುತ್ತು. ಯುಎಇ ಎದುರು ಇರಾಕ್. ಎರಡು ಪಂದ್ಯ, ಎರಡರ ಗೋಲು ಕೂಡಿಸಿ ಯಾರು ಮುಂದೆ ಅಂತ ನೋಡೋದು. ತಲ್ಯಾನಿಗೆ ಆಗ 20 ವರ್ಷ.

ದುಬೈನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಇರಾಕ್ 3-2ರಿಂದ ಗೆದ್ದಿತು. ಎರಡನೇದು ಇರಾಕ್‌ನ "ತವರು" ಪಂದ್ಯ. ಆದ್ರೆ ಇರಾನ್ ಜೊತೆ ಯುದ್ಧ ನಡೀತಿದ್ದ ಕಾರಣ ಇರಾಕ್ ತನ್ನ ನೆಲದಲ್ಲಿ ಆಡೋ ಹಾಗಿರಲಿಲ್ಲ. ಹಾಗಾಗಿ ಸೌದಿಯ ತೈಫ್‌ನಲ್ಲಿ ಆಟ. ಅಲ್ಲಿ ಯುಎಇ 2-0 ಮುಂದಿತ್ತು. ಒಟ್ಟು ಲೆಕ್ಕ 4-3. ಮೆಕ್ಸಿಕೋ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗೋಕೆ ಕೆಲವೇ ಕ್ಷಣ ಬಾಕಿ.

ಕೊನೆಯ ನಿಮಿಷದಲ್ಲಿ ಇರಾಕ್‌ನ ಕರೀಂ ಸದ್ದಾಂ ಗೋಲು ಹೊಡೆದರು. 2-1.

ಪಂದ್ಯ ಗೆದ್ದಿದ್ದು ಯುಎಇ. ಹೊರಬಿದ್ದಿದ್ದೂ ಯುಎಇ. ಯಾಕೆ ಅಂದ್ರೆ ಒಟ್ಟು ಗೋಲು 4-4 ಆಯ್ತು, ಆಗಿನ ನಿಯಮದ ಪ್ರಕಾರ ಗೋಲು ಸಮ ಆದಾಗ ಎದುರಾಳಿ ನೆಲದಲ್ಲಿ ಯಾರು ಹೆಚ್ಚು ಹೊಡೆದಿದ್ದಾರೆ ಅಂತ ನೋಡ್ತಿದ್ದರು. ಇರಾಕ್ ದುಬೈನಲ್ಲಿ 3 ಹೊಡೆದಿತ್ತು, ಯುಎಇ ತೈಫ್‌ನಲ್ಲಿ 2. ಮುಗೀತು. ಇರಾಕ್ ಮುಂದೆ ಸಿರಿಯಾವನ್ನೂ ದಾಟಿ ಮೆಕ್ಸಿಕೋಗೆ ಹೋಯ್ತು.

ಸಿಂಗಪುರ, 1989: ಎರಡನೇ ಸ್ಥಾನ ಸಾಕಾದ ಒಂದೇ ಸಲ

ಈಗ ಕಥೆಯ ಮುಖ್ಯ ಭಾಗ. 1990ರ ಇಟಲಿ ವಿಶ್ವಕಪ್‌ಗೆ ಏಷ್ಯಾದಿಂದ ಇದ್ದದ್ದು ಎರಡೇ ಎರಡು ಸೀಟು. ಇವತ್ತು ಏಷ್ಯಾಕ್ಕೆ ಎಂಟು ನೇರ ಸ್ಥಾನ ಇದೆ. ಆಗ ಎರಡು! ಅಂತಿಮ ಸುತ್ತು 1989ರ ಅಕ್ಟೋಬರ್‌ನಲ್ಲಿ ಸಿಂಗಪುರದಲ್ಲಿ. ಆರು ತಂಡ: ದಕ್ಷಿಣ ಕೊರಿಯಾ, ಉತ್ತರ ಕೊರಿಯಾ, ಚೀನಾ, ಸೌದಿ, ಕತಾರ್, ಯುಎಇ. ಎಲ್ಲರೂ ಎಲ್ಲರ ಜೊತೆ ಒಂದೊಂದು ಪಂದ್ಯ. ಮೊದಲ ಎರಡು ಸ್ಥಾನಕ್ಕೆ ಇಟಲಿ ಟಿಕೆಟ್.

ನಮಗೂ ಈ ಸಿಂಗಪುರಕ್ಕೂ ಒಂದು ನಂಟಿದೆ. ಐದು ವರ್ಷ ಹಿಂದೆ, 1984ರ ಏಷ್ಯನ್ ಕಪ್ ನಡೆದಿದ್ದು ಅಲ್ಲೇ. 20 ವರ್ಷ ಆದ ಮೇಲೆ ಭಾರತ ಆ ಟೂರ್ನಿಯ ಮುಖ್ಯ ಸುತ್ತಿಗೆ ಬಂದಿತ್ತು, ಯುಎಇ ಎದುರು 0-2ರಿಂದ ಸೋತಿತ್ತು. ಅಲ್ಲಿಂದ ಎರಡು ತಂಡದ ದಾರಿ ಎಷ್ಟು ಬೇರೆ ಆಯ್ತು ಅಂತ ನೀವೇ ನೋಡ್ತಾ ಹೋಗಿ.

ಯುಎಇ ಕೋಚ್ ಯಾರು ಗೊತ್ತಾ? ಬ್ರೆಜಿಲ್‌ನ ಮಾರಿಯೊ ಜಗಾಲೊ. ಆಟಗಾರನಾಗಿ 1958, 1962ರ ವಿಶ್ವಕಪ್, ಕೋಚ್ ಆಗಿ 1970ರ ವಿಶ್ವಕಪ್ ಗೆದ್ದವರು. ಅಂಥವರ ಕೈಯಲ್ಲಿ ಈ ಹವ್ಯಾಸಿ ತಂಡ.

ಆಗ ಗೆಲುವಿಗೆ 2 ಅಂಕ, ಡ್ರಾ ಆದ್ರೆ 1. ಈ ಲೆಕ್ಕ ಮುಖ್ಯ. ಉತ್ತರ ಕೊರಿಯಾ ಜೊತೆ ಗೋಲಿಲ್ಲದ ಡ್ರಾ. ಸೌದಿ ಜೊತೆ ಗೋಲಿಲ್ಲದ ಡ್ರಾ. ಕತಾರ್ ಜೊತೆ 1-1. ಚೀನಾ ವಿರುದ್ಧ ಮಾತ್ರ ಪವಾಡ: 0-1 ಹಿಂದಿದ್ದವರು ಕೊನೆಯ ಕೆಲವೇ ನಿಮಿಷಗಳಲ್ಲಿ ಎರಡು ಗೋಲು ಹೊಡೆದು 2-1ರಿಂದ ಗೆದ್ದರು.

ಅಕ್ಟೋಬರ್ 28, ಕೊನೆಯ ದಿನ. ಎದುರಿಗೆ ಟೂರ್ನಿಯ ಬಲಿಷ್ಠ ತಂಡ ದಕ್ಷಿಣ ಕೊರಿಯಾ. ಶುರುವಿನಲ್ಲೇ ಕೊರಿಯಾ ಗೋಲು ಹೊಡೀತು. ಸೋತ್ರೆ 5 ಅಂಕಕ್ಕೇ ನಿಲ್ಲಬೇಕು, ಹಿಂದೆ ಬರ್ತಿರೋ ತಂಡಗಳ ಬಾಯಿಗೆ ಬೀಳಬೇಕು. ತೈಫ್‌ನ ಗಾಯ ಇನ್ನೂ ನಾಲ್ಕೇ ವರ್ಷ ಹಳೇದು. ಆಗ ಸಮಬಲದ ಗೋಲು ಹೊಡೆದವರು ತಲ್ಯಾನಿ. 1-1. ಪಂದ್ಯ ಅಲ್ಲಿಗೇ ನಿಂತಿತು.

ಇನ್ನೊಂದು ಕಡೆ ಚೀನಾ, ಕತಾರ್ ವಿರುದ್ಧ ಮುಂದಿದ್ದದ್ದು ಕೊನೆಗಳಿಗೆಯಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಸೋತಿತು. ಒಂದೇ ಟೂರ್ನಿಯಲ್ಲಿ ಎರಡು ಸಲ ಹೀಗಾಯ್ತು ಅವರಿಗೆ. ಚೀನಾದ ಫುಟ್‌ಬಾಲ್ ಪ್ರಿಯರು ಇವತ್ತಿಗೂ ಆ ಕೊನೆಯ ಮೂರು ನಿಮಿಷಗಳನ್ನ "ಕಪ್ಪು ಮೂರು ನಿಮಿಷ" ಅಂತ ಕರೀತಾರೆ.

ಅಂಕಪಟ್ಟಿ: ದಕ್ಷಿಣ ಕೊರಿಯಾ 8, ಯುಎಇ 6, ಕತಾರ್ 5. ಐದು ಪಂದ್ಯದಲ್ಲಿ ಗೆದ್ದಿದ್ದು ಒಂದು, ಡ್ರಾ ನಾಲ್ಕು, ಸೋಲು ಸೊನ್ನೆ. ಹೊಡೆದ ಗೋಲು ನಾಲ್ಕೇ. ಇಷ್ಟರಲ್ಲಿ, ಹುಟ್ಟಿ 18 ವರ್ಷ ತುಂಬದ ದೇಶ ವಿಶ್ವಕಪ್ ತಲುಪಿತು.

ಗಮನಿಸಿ, ಯುಎಇ ಇಲ್ಲೂ ಎರಡನೇ ಸ್ಥಾನವೇ. ಆದ್ರೆ ಈ ಒಂದು ಸಲ ಎರಡನೇ ಸ್ಥಾನ ಸಾಕಾಯ್ತು.

ಇಟಲಿಯ ಮೂರು ಸೋಲು

ಇಟಲಿಗೆ ಹೋಗೋ ಮೊದಲೇ ಜಗಾಲೊ ಕೆಲಸ ಹೋಯ್ತು. ತಂಡವನ್ನ ವಿಶ್ವಕಪ್‌ಗೆ ಕರೆದೊಯ್ದಿದ್ದು ಇನ್ನೊಬ್ಬ ಬ್ರೆಜಿಲಿಯನ್, ಕಾರ್ಲೊಸ್ ಆಲ್ಬರ್ಟೊ ಪರೇರಾ. ನಾಲ್ಕು ವರ್ಷ ಆದ ಮೇಲೆ ಬ್ರೆಜಿಲ್‌ಗೆ ಕಪ್ ಗೆಲ್ಲಿಸಿಕೊಟ್ಟವರು ಇವರೇ.

ಗುಂಪು ಹೇಗಿತ್ತು ನೋಡಿ: ಕೊಲಂಬಿಯಾ, ಪಶ್ಚಿಮ ಜರ್ಮನಿ, ಯುಗೊಸ್ಲಾವಿಯಾ. ಬೊಲೊನ್ಯಾದಲ್ಲಿ ಕೊಲಂಬಿಯಾ ಎದುರು 0-2. ಮಿಲಾನ್‌ನಲ್ಲಿ ಜರ್ಮನಿ ಎದುರು 1-5. ಮತ್ತೆ ಬೊಲೊನ್ಯಾದಲ್ಲಿ ಯುಗೊಸ್ಲಾವಿಯಾ ಎದುರು 1-4. ಒಟ್ಟು 2 ಗೋಲು ಹೊಡೆದು 11 ಬಿಟ್ಟುಕೊಟ್ಟರು. ಆ ಎರಡು ಗೋಲು ಖಾಲಿದ್ ಇಸ್ಮಾಯಿಲ್ ಮತ್ತು ಅಲಿ ಥಾನಿ ಅವರದ್ದು. ತಲ್ಯಾನಿ ಹೆಸರಿಗೆ ವಿಶ್ವಕಪ್ ಗೋಲು ಇಲ್ಲ.

ಆದ್ರೆ ಎದುರಿಗಿದ್ದವರು ಯಾರು ಅಂತ ನೋಡಿ. ಕೊಲಂಬಿಯಾದಲ್ಲಿ ವಾಲ್ಡೆರಾಮಾ. ಜರ್ಮನಿಯಲ್ಲಿ ಮಥಾಯಸ್, ಕ್ಲಿನ್ಸ್‌ಮನ್, ಫೊಲರ್. ಆ ಸಲ ಕಪ್ ಎತ್ತಿದ್ದೇ ಜರ್ಮನಿ. ಯುಗೊಸ್ಲಾವಿಯಾ ಕ್ವಾರ್ಟರ್ ಫೈನಲ್‌ವರೆಗೆ ಹೋಗಿ ಮರಡೋನಾನ ಅರ್ಜೆಂಟೀನಾಗೆ ಪೆನಾಲ್ಟಿಯಲ್ಲಿ ಸೋತ ತಂಡ. ಆಗ ಯುಎಇಯ ಜನಸಂಖ್ಯೆ 20 ಲಕ್ಷಕ್ಕೂ ಕಮ್ಮಿ, ಅದ್ರಲ್ಲೂ ಬಹುಪಾಲು ನಮ್ಮ ಕಡೆಯಿಂದ ದುಡಿಯೋಕೆ ಹೋದವರಂಥ ಹೊರದೇಶದವರು. ಸ್ವಂತ ಪ್ರಜೆಗಳನ್ನ ಮಾತ್ರ ಲೆಕ್ಕ ಹಾಕಿದ್ರೆ, ಆ ಇಡೀ ತಂಡ ಬಂದಿದ್ದು ನಮ್ಮ ಒಂದು ಮಧ್ಯಮ ಗಾತ್ರದ ಊರಿನಷ್ಟು ಜನರ ನಡುವಿನಿಂದ.

ಮತ್ತೆ ಮತ್ತೆ ಎರಡು

ಈಗ ಆ ಜಮಾ–ಖರ್ಚಿನ ಪುಟಕ್ಕೆ ಬರೋಣ. ತಲ್ಯಾನಿ ಕಾಲದಲ್ಲಿ ಯುಎಇ:

1986ರ ಗಲ್ಫ್ ಕಪ್: ರನ್ನರ್ ಅಪ್. ಗೆದ್ದಿದ್ದು ಕುವೈತ್.
1988ರ ಗಲ್ಫ್ ಕಪ್: ರನ್ನರ್ ಅಪ್. ಗೆದ್ದಿದ್ದು ಇರಾಕ್.
1992ರ ಏಷ್ಯನ್ ಕಪ್: ನಾಲ್ಕನೇ ಸ್ಥಾನ.
1994ರ ಗಲ್ಫ್ ಕಪ್, ಅದೂ ತವರಲ್ಲಿ: ರನ್ನರ್ ಅಪ್. ಗೆದ್ದಿದ್ದು ಸೌದಿ.
1996ರ ಏಷ್ಯನ್ ಕಪ್, ಇದೂ ತವರಲ್ಲಿ: ರನ್ನರ್ ಅಪ್. ಗೆದ್ದಿದ್ದು ಮತ್ತೆ ಸೌದಿ.

ಕೊನೆಯದು ಬಹಳ ನೋವಿನದ್ದು. 1996ರ ಡಿಸೆಂಬರ್ 21, ಅಬುಧಾಬಿಯ ಝಾಯೆದ್ ಸ್ಪೋರ್ಟ್ಸ್ ಸಿಟಿ ಸ್ಟೇಡಿಯಂ. ತಲ್ಯಾನಿಗೆ 32 ವರ್ಷ. ಫೈನಲ್‌ವರೆಗೆ ಯುಎಇ ಒಂದೂ ಪಂದ್ಯ ಸೋತಿರಲಿಲ್ಲ. ಫೈನಲ್ ಕೂಡ 0-0. ಪೆನಾಲ್ಟಿ ಶೂಟೌಟ್‌ನಲ್ಲಿ 2-4. ಇಡೀ ಟೂರ್ನಿಯಲ್ಲಿ ಆಟದ ಹೊತ್ತಲ್ಲಿ ಸೋಲದ ತಂಡ ಕಪ್ ಇಲ್ಲದೆ ಮನೆಗೆ ಹೋಯ್ತು. ಮರುವರ್ಷ ತಲ್ಯಾನಿಯವರ ಅಂತರರಾಷ್ಟ್ರೀಯ ಆಟ ಮುಗೀತು.

ಕ್ಲಬ್ಬಿನ ಕಡೆ ನೋಡಿದ್ರೂ ಇದೇ ಕಥೆ, ಆದ್ರೆ ಅಲ್ಲೊಂದು ಬೆಳಕಿದೆ. 1993ರಲ್ಲಿ ಅಲ್ ಶಾಬ್ ಪ್ರೆಸಿಡೆಂಟ್ಸ್ ಕಪ್ ಗೆದ್ದಿತು. ಅದು ಯುಎಇಯ ದೊಡ್ಡ ನಾಕೌಟ್ ಟೂರ್ನಿ. ಅದರ ಬಲದ ಮೇಲೆ ಏಷ್ಯನ್ ಕಪ್ ವಿನ್ನರ್ಸ್ ಕಪ್‌ಗೂ ಕಾಲಿಟ್ಟು, 1994-95ರ ಋತುವಿನಲ್ಲಿ ಫೈನಲ್ ತಲುಪಿತು. ಅಲ್ಲಿ ಜಪಾನಿನ ಯೊಕೊಹಾಮಾ ಫ್ಲೂಗಲ್ಸ್ ಎದುರು 1-2. ಮತ್ತೆ ಎರಡನೇ ಸ್ಥಾನ.

161 ಅಂದ್ರೆ ನಿಜಕ್ಕೂ ಎಷ್ಟು?

ಹಾಗಾದ್ರೆ ಈ ಮನುಷ್ಯನ ಆಸ್ತಿ ಏನು? ನನಗೆ ಕಾಣೋದು ಆ 161.

14 ವರ್ಷದಲ್ಲಿ 161 ಪಂದ್ಯ, ಅಂದ್ರೆ ವರ್ಷಕ್ಕೆ ಹನ್ನೊಂದಕ್ಕಿಂತ ಹೆಚ್ಚು. ಸುಮಾರು ಮೂರು ಪಂದ್ಯಕ್ಕೆ ಒಂದು ಗೋಲು. ಗಲ್ಫ್ ಕಪ್, ಏಷ್ಯನ್ ಕಪ್, ಅರ್ಹತಾ ಸುತ್ತು, ನಡುವೆ ಸ್ನೇಹಪರ ಪಂದ್ಯ, ಹೀಗೆ ಗಲ್ಫ್ ತಂಡಗಳಿಗೆ ಆಟದ ಅವಕಾಶ ಹೆಚ್ಚಿತ್ತು ಅನ್ನೋದು ನಿಜ. ಆದ್ರೆ ಅವಕಾಶ ಎಲ್ಲರಿಗೂ ಇತ್ತು, 161 ಆಗಿದ್ದು ಒಬ್ಬರಿಗೆ. ಕೋಚ್‌ಗಳು ಬಂದರು, ಹೋದರು, ಆಡೋ ಶೈಲಿ ಬದಲಾಯ್ತು, ಪಕ್ಕದಲ್ಲಿ ಆಡ್ತಿದ್ದವರು ನಿವೃತ್ತಿ ಆದರು. ಪಟ್ಟಿಯಲ್ಲಿ ಈ ಹೆಸರು ಮಾತ್ರ ಬದಲಾಗಲಿಲ್ಲ.

52 ಗೋಲುಗಳ ದಾಖಲೆ ಎರಡು ದಶಕಕ್ಕೂ ಹೆಚ್ಚು ಕಾಲ ಉಳೀತು. 2019ರಲ್ಲಿ ಅದನ್ನ ಮುರಿದವರು ಅಲಿ ಮಬ್ಖೂತ್, ಈಗ ಅವರ ಲೆಕ್ಕ 80 ದಾಟಿದೆ. ಈ ಮಬ್ಖೂತ್ ಹೆಸರು ನಿಮಗೆ ಗೊತ್ತಿರಬಹುದು. 2019ರ ಜನವರಿಯಲ್ಲಿ, ಏಷ್ಯನ್ ಕಪ್‌ನಲ್ಲಿ ಯುಎಇ ನಮ್ಮನ್ನ 2-0ರಿಂದ ಸೋಲಿಸಿದಾಗ ಎರಡನೇ ಗೋಲು ಅವರದ್ದೇ. ಆ ಪಂದ್ಯ ನಡೆದಿದ್ದೂ 1996ರ ಫೈನಲ್ ನಡೆದ ಅದೇ ಸ್ಟೇಡಿಯಂನಲ್ಲಿ.

ಅವತ್ತು ಭಾರತದ ಪರ ಆಡಿದವರಲ್ಲಿ ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಇದ್ದರು. ಇವರಿಬ್ಬರನ್ನ ಪಕ್ಕಪಕ್ಕ ಇಟ್ಟು ನೋಡಿ. ಚೆಟ್ರಿ ಕೂಡ ಫಾರ್ವರ್ಡ್, ಕ್ಯಾಪ್ಟನ್, 150 ಪಂದ್ಯ ದಾಟಿದವರು. ಗೋಲು ಲೆಕ್ಕದಲ್ಲಿ 90 ದಾಟಿ ತಲ್ಯಾನಿಗಿಂತ ಎಷ್ಟೋ ಮುಂದೆ. ಆದ್ರೆ ಚೆಟ್ರಿಗೆ ವಿಶ್ವಕಪ್ ಸಿಗಲಿಲ್ಲ. ತಲ್ಯಾನಿಗೆ ಸಿಕ್ಕಿತು. ಇದರಿಂದ ಯಾರು ದೊಡ್ಡವರು ಅಂತ ತೀರ್ಮಾನ ಆಗುತ್ತಾ? ಆಗಲ್ಲ. ಒಬ್ಬ ಆಟಗಾರ ಎಷ್ಟೇ ದೊಡ್ಡವನಾದ್ರೂ ಜೊತೆಗಿರೋ ಹತ್ತು ಜನ, ಹಿಂದಿರೋ ವ್ಯವಸ್ಥೆ, ಒಂದು ದಿನದ ಅದೃಷ್ಟ ಎಲ್ಲ ಕೂಡಿ ಬಂದಾಗಲೇ ಕಪ್ಪು. ಅವನ ಕೈಯಲ್ಲಿರೋದು ಕರೆದಾಗೆಲ್ಲ ಬಂದು ಆಡೋದು.

ಇನ್‌ಸ್ಟಾದಲ್ಲಿ ದಿನಾ ನೋಡ್ತೀವಲ್ಲ, ಇವನಿಗೆ ಎಷ್ಟು ಕಪ್, ಅವನಿಗೆ ಎಷ್ಟು ಕಪ್ ಅನ್ನೋ ಜಗಳ. ಆ ಅಳತೆಗೋಲಲ್ಲಿ ತಲ್ಯಾನಿ ಹೆಚ್ಚುಕಮ್ಮಿ ಸೊನ್ನೆ. ಆದ್ರೆ ಶಾರ್ಜಾದ ಒಬ್ಬ ಹುಡುಗ ಆಗ ಅವರನ್ನ ನೋಡ್ತಿದ್ದದ್ದು ಕಪ್ ಎಣಿಸೋಕಲ್ಲ. ನಮ್ಮ ಊರಿನವನೊಬ್ಬ ನಮ್ಮ ಹೆಸರಲ್ಲಿ ಮತ್ತೆ ಮೈದಾನಕ್ಕೆ ಇಳಿದಿದ್ದಾನೆ ಅನ್ನೋದನ್ನ ನೋಡೋಕೆ. ತೈಫ್ ಆದ ಮೇಲೂ ಇಳಿದರು. ಮಿಲಾನ್ ಆದ ಮೇಲೂ ಇಳಿದರು. ಮೂರು ಗಲ್ಫ್ ಕಪ್ ಕೈ ತಪ್ಪಿದ ಮೇಲೂ ಇಳಿದರು. ಹೊಸ ದೇಶವೊಂದು "ನಮ್ಮವರು" ಅಂತ ಯಾರನ್ನ ಕರೀಬೇಕು ಅಂತ ಕಲಿತಿದ್ದೇ ಹೀಗೆ.

ಉಳಿದದ್ದು, ಹೋದದ್ದು

ತಲ್ಯಾನಿ ಆದ ಮೇಲೆ ಯುಎಇಗೆ ಕಪ್ಪುಗಳು ಬಂದವು. 2007ರಲ್ಲಿ ಮೊದಲ ಗಲ್ಫ್ ಕಪ್. ಸೆಮಿಫೈನಲ್, ಫೈನಲ್ ಎರಡರಲ್ಲೂ ಗೋಲು ಹೊಡೆದು ಗೆಲ್ಲಿಸಿದವರು ಇಸ್ಮಾಯಿಲ್ ಮತರ್. ಮುಂದೆ ನಾಯಕರೂ ಆದ ಮತ್ತೊಬ್ಬ ಫಾರ್ವರ್ಡ್. 2013ರಲ್ಲಿ ಎರಡನೇ ಗಲ್ಫ್ ಕಪ್. ತಲ್ಯಾನಿ ಮೂರು ಸಲ ತಟ್ಟಿದ ಬಾಗಿಲು ಕೊನೆಗೂ ತೆಗೀತು.

ಅಲ್ ಶಾಬ್ ಕ್ಲಬ್ಬು ಮಾತ್ರ ಈಗ ಆ ಹೆಸರಲ್ಲಿ ಇಲ್ಲ. 2017ರಲ್ಲಿ ಅದನ್ನ ಅದೇ ಊರಿನ ಶಾರ್ಜಾ ಕ್ಲಬ್ ಜೊತೆ ವಿಲೀನ ಮಾಡಿದರು. ಕಂಪನಿಗಳ ವಿಲೀನದ ಪಾಠ ಓದಿದ ನನ್ನಂಥವರಿಗೆ ಇದು ಸರಳ ಲೆಕ್ಕ: ಖರ್ಚು ಕಮ್ಮಿ, ತಂಡ ಗಟ್ಟಿ. ಲೆಕ್ಕ ಫಲಿಸಿತು ಕೂಡ, ಶಾರ್ಜಾ 2018-19ರ ಲೀಗ್ ಗೆದ್ದಿತು. ಆದ್ರೆ ಅಪ್ಪನ ಕಾಲದಿಂದ ಅಲ್ ಶಾಬ್ ಅಂತ ಕೂಗಿದವನು ಆ ಕಪ್ಪನ್ನ ಯಾವ ಖಾತೆಗೆ ಬರ್ಕೋಬೇಕು? ಆ ಫೈನಲ್‌ನಲ್ಲಿ ಅಲ್ ಶಾಬ್‌ನ್ನ ಸೋಲಿಸಿದ ಯೊಕೊಹಾಮಾ ಫ್ಲೂಗಲ್ಸ್ ಕೂಡ 1999ರಲ್ಲಿ ಊರಿನ ಇನ್ನೊಂದು ಕ್ಲಬ್ಬಿನೊಳಗೆ ಸೇರಿಹೋಯ್ತು. ಇವತ್ತಿನ ಯೊಕೊಹಾಮಾ ಎಫ್. ಮರಿನೋಸ್ ಹೆಸರಲ್ಲಿರೋ ಆ "ಎಫ್" ಅದರ ಗುರುತು. ಫೈನಲ್ ಆಡಿದ ಎರಡು ಕ್ಲಬ್ಬೂ ಇಲ್ಲ, ಫಲಿತಾಂಶ ಮಾತ್ರ ಇದೆ.

ಇನ್ನು ವಿಶ್ವಕಪ್. ವೃತ್ತಿಪರ ಲೀಗ್ ಬಂತು, ದುಡ್ಡು ಬಂತು, ಬ್ರೆಜಿಲ್‌ನಲ್ಲಿ ಹುಟ್ಟಿ ಯುಎಇ ಪೌರತ್ವ ಪಡೆದವರೂ ತಂಡದಲ್ಲಿ ಆಡಿದರು. 2025ರ ನವೆಂಬರ್‌ನಲ್ಲಿ ಮತ್ತೆ ಇರಾಕ್ ಎದುರಾಯ್ತು, ಮತ್ತೆ ಎರಡು ಪಂದ್ಯದ ಲೆಕ್ಕ. ಅಬುಧಾಬಿಯಲ್ಲಿ 1-1. ಬಸ್ರಾದಲ್ಲಿ 1-1 ಇದ್ದಾಗ ಇಂಜುರಿ ಟೈಮ್‌ನಲ್ಲಿ ಇರಾಕ್‌ಗೆ ಪೆನಾಲ್ಟಿ ಸಿಕ್ಕಿತು. 2-1. ಯುಎಇಗೆ 2026ರ ದಾರಿಯೂ ಮುಚ್ಚಿತು.

ಅಂದ್ರೆ ಇವತ್ತಿಗೂ ಆ ದೇಶ ಆಡಿರೋದು ಒಂದೇ ವಿಶ್ವಕಪ್, 1990ರದ್ದು. ಅಲ್ಲಿಗೆ ಕರ್ಕೊಂಡು ಹೋಗಿದ್ದು ಒಂದೇ ಗೆಲುವು, ನಾಲ್ಕು ಡ್ರಾ, ಕೊನೇ ದಿನ ಕೊರಿಯಾ ವಿರುದ್ಧ ತಲ್ಯಾನಿ ಹೊಡೆದ ಆ ಸಮಬಲದ ಗೋಲು. ಗೆಲುವಿನ ಗೋಲು ಕೂಡ ಅಲ್ಲ ಅದು. ಆದ್ರೂ ಇಷ್ಟು ವರ್ಷದಲ್ಲಿ ಅದಕ್ಕಿಂತ ಬೆಲೆಬಾಳೋ ಗೋಲು ಇನ್ನೂ ಯಾರೂ ಹೊಡೆದಿಲ್ಲ ಅಂತ ನನಗನ್ಸುತ್ತೆ.

ನಿಮ್ಮ ಮನೆಯವರೋ ಪರಿಚಯದವರೋ ಎಂಬತ್ತು–ತೊಂಬತ್ತರ ದಶಕದಲ್ಲಿ ಶಾರ್ಜಾ, ದುಬೈ ಕಡೆ ಇದ್ದಿದ್ರೆ ಒಮ್ಮೆ ಕೇಳಿ ನೋಡಿ, 1990ರಲ್ಲಿ ಆ ಊರು ಹೇಗಿತ್ತು ಅಂತ. ಒಳ್ಳೆ ಕಥೆ ಸಿಕ್ಕಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.